ಗೋಡೆಗೆ ಹೋಗೋ ಅಂಚು

…ಏನಂದೆ? ಈ ನೀರಿನ ಸದ್ದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ. ತಡಿ, ನಲ್ಲಿ ನಿಲ್ಲಿಸ್ತೀನಿ. ಹಾಂ, ಈಗ ಹೇಳು. ಕೆಲಸ ಬಿಡ್ತೀಯಾ? ನಾಳೆ ಬೆಳಗ್ಗೆ ಹೋಗಿ, ಉಜ್ಜುಗಲ್ಲಿನ ಪೆಟ್ಟಿಗೇನ ಕಲ್ಲಿನಂಗಡಿ ಯಜಮಾನನ ಮೇಜಿನ ಮೇಲಿಟ್ಟು, ಇನ್ನು ನನ್ನ ಕೈಲಾಗಲ್ಲ ಅಂತ ನಮಸ್ಕಾರ ಹಾಕಿ ಬಂದ್ಬಿಡ್ತೀಯಾ? ಮೂವತ್ತೆಂಟು ವರ್ಷ ಕಲ್ಲಿನ ಅಂಚು ಉಜ್ಜಿದ ನನ್ನ ತಮ್ಮ, ಕೊನೆಗೆ ಅಕ್ಕನ ಹಿತ್ತಲ ಬಾಗಿಲಲ್ಲಿ ಕಳ್ಳನ ಹಾಗೆ ನಿಂತು ಹೇಳೋ ಮಾತಾ ಇದು. ಅದೂ ರಜದ ದಿನ, ಬೆಳಗ್ಗೆ ಎಂಟಕ್ಕೆ, ಒಂದು ಫೋನೂ ಮಾಡದೆ.

ಬಾ, ಒಳಗೆ ಬಾ. ಚಪ್ಪಲಿ ಬಿಡಬೇಡ, ಕೆಳಗೆಲ್ಲ ಕಲ್ಲಿನ ಕೆಸರು. ಆ ಸ್ಟೂಲ್ ಬೇಡ, ಒಂದು ಕಾಲು ಗಿಡ್ಡ, ನಿಮ್ಮ ಭಾವ ರಿಪೇರಿ ಮಾಡಿದ್ದು. ರಿಪೇರಿಗೆ ಮುಂಚೆ ನಾಲ್ಕೂ ಸಮ ಇತ್ತು. ಆ ಸಿಮೆಂಟ್ ಡಬ್ಬದ ಮೇಲೆ ಕೂತ್ಕೋ. ಏನು ನಗು? ಓ, ಈ ಏಪ್ರನ್ನಾ? ನಿಮ್ಮ ಭಾವನ ಹಳೇ ರೈನ್‌ಕೋಟು ಕಣೋ, ತೋಳು ಕತ್ತರಿಸಿ ಮಾಡ್ಕೊಂಡೆ. ಅವರಿಗಿನ್ನೂ ಗೊತ್ತಿಲ್ಲ. ಮಳೆಗಾಲದವರೆಗೂ ಗೊತ್ತಾಗಲ್ಲ. ನಗು, ನಗು. ಬಂದಾಗಿಂದ ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡು ನಿಂತಿದ್ದೆ, ಈಗ ಪರವಾಗಿಲ್ಲ.

ಇವಾ? ಇವು… ನನ್ನವು. ಅಡುಗೆಮನೆ ಕಿಟಕಿ ಕಟ್ಟೆಗೆ. ಕಲ್ಲಿನ ಟೈಲ್ಸು ಯಾರದೋ ಮನೇಲಿ ಮಿಕ್ಕಿತ್ತು, ಬೇಕಾ ಅಂದ್ರು, ತಗೊಂಡೆ. ಅಂಚು ನಾನೇ ಮಾಡ್ಕೋತೀನಿ ಅಂದೆ. ಮನೇಲಿ ಕೂತು ಇನ್ನೇನು ಮಾಡ್ಲಿ? ಟೀವಿಲಿ ಅತ್ತೆ ಸೊಸೆ ಜಗಳ ಎಷ್ಟೂಂತ ನೋಡ್ಲಿ? ನಮ್ಮತ್ತೆ ಇದ್ದಾಗ ಅದಕ್ಕಿಂತ ಚೆನ್ನಾಗಿ ನಾವೇ ಆಡ್ತಿದ್ವಿ. ಬಿಡು, ನನ್ನ ಕಲ್ಲಿನ ಮಾತು ಈಗ್ಯಾಕೆ. ನಿನ್ನ ಮಾತಿಗೆ ಬರೋಣ.

ಕೈ ನಡುಗುತ್ತೆ ಅಂದೆ. ಡಾಕ್ಟರು ಮಾತ್ರೆ ಬರ್ಕೊಟ್ಟು, ಇನ್ನು ಇದು ಹೀಗೇನೇ, ಹೊಂದ್ಕೊಂಡು ಹೋಗಬೇಕು ಅಂದ್ರು ಅಂದೆ. ಸರಿ. ಯಾರ ಕೈ ನಡುಗಲ್ಲ ಹೇಳು? ನಿಮ್ಮ ಭಾವನಿಗೆ ಎರಡು ಪಾತ್ರೆ ತೊಳ್ಕೊಡಿ ಅಂತ ಹೇಳಿ ನೋಡು, ಕೈ ಏನು, ಮೈಯೇ ನಡುಗುತ್ತೆ. ನಲವತ್ತು ವರ್ಷದಿಂದ ನಡುಗ್ತಾನೇ ಇದೆ. ಅದಕ್ಕೇಂತ ಊಟ ಬಿಟ್ಟಿದಾರಾ?

ಕೈ ನಡುಗೋದು ಬೇರೆ, ಕೆಲಸ ಕೆಡೋದು ಬೇರೆ. ಕೆಲಸ ಕೆಟ್ಟಿದೆಯಾ? ಅದನ್ನ ಹೇಳು ಮೊದಲು. ಯಜಮಾನ ಬೈದ್ನಾ? ಇಲ್ಲ. ಎಲ್ಲರನ್ನೂ ಸೈಟಿನ ಅಂಗಳದಲ್ಲಿ ನಿಲ್ಲಿಸಿ, ನಿನ್ನ ಅಂಚಿನ ಮೇಲೆ ಕೈಯಾಡಿಸಿ, ಇಪ್ಪತ್ತು ವರ್ಷದಲ್ಲಿ ಇಂಥ ಅಂಚು ನಾನು ಕಂಡಿಲ್ಲ, ಈ ವಯಸ್ಸಲ್ಲಿ ಇವನಿಗೆ ಕೈ ಕುದುರಿದೆ ಅಂದ್ನಂತೆ. ಹೊಸ ಆಸ್ಪತ್ರೆ ಮೆಟ್ಟಿಲು, ಮೂರು ಮಹಡಿ, ಬೇರೆ ಯಾರ ಕೈಗೂ ಕೊಡಲ್ಲ, ಇವನಿಗೇ ಅಂದ್ನಂತೆ. ಬೈದ್ರೆ ಕೆಲಸ ಬಿಡೋರನ್ನ ನೋಡಿದೀನಿ. ಹೊಗಳಿದ್ದಕ್ಕೆ ಬಿಡೋನು ಲೋಕದಲ್ಲಿ ನೀನೊಬ್ಬನೇ ಕಣೋ.

ಹಾಂ? ನನಗೆ ಹೇಗೆ ಗೊತ್ತಾಯ್ತಾ? … ಯಾರೋ ಹೇಳಿದ್ರು. ಗಡಿಬಿಡಿ ಹೇಳ್ದ. ನಿಮ್ಮ ಅಂಗಡಿ ವ್ಯಾನ್ ಓಡಿಸ್ತಾನಲ್ಲ, ನೀವೆಲ್ಲ ಗಡಿಬಿಡಿ ಅಂತ ಕರೀತೀರಲ್ಲ, ಅವನೇ. ದಾರೀಲಿ ಸಿಕ್ಕಿದ್ದ. ಅವನ ಬಾಯಿ ನಿನಗೆ ಗೊತ್ತಲ್ಲ, ವ್ಯಾನಿಗಾದ್ರೂ ಬ್ರೇಕಿದೆ.

ಸರಿ, ಬಿಟ್ಟೆ ಅಂತಿಟ್ಕೋ. ಬಿಟ್ಟು ಏನು ಮಾಡ್ತೀಯ? ಮನೇಲಿ ಕೂತ್ಕೊಂಡು, ಹೆಂಡ್ತಿ ತರಕಾರಿ ಹೆಚ್ಚೋದು ನೋಡಿ, ಒಂದೇ ಅಳತೇಲಿ ಹೆಚ್ಚು, ಅಂಚು ಹರೀಬಾರದು ಅಂತ ಬುದ್ಧಿ ಹೇಳ್ತೀಯ. ಮೂರು ದಿನ ಸುಮ್ನಿರ್ತಾಳೆ. ನಾಲ್ಕನೇ ದಿನ ಚಾಕು ನಿನ್ನ ಕಡೆ ತಿರುಗುತ್ತೆ. ನಾನಾಗಿದ್ರೆ ಎರಡನೇ ದಿನಕ್ಕೇ ತಿರುಗಿಸ್ತಿದ್ದೆ. ಇನ್ನು ಅಂಗಡೀಲಿ ನಿನ್ನ ಜಾಗಕ್ಕೆ ಇನ್ನೊಬ್ಬ ಮನುಷ್ಯ ಬರ್ತಾನೆ ಅಂದ್ಕೊಂಡ್ಯಾ? ಮಿಷಿನ್ ಬರುತ್ತೆ. ಈ ಕಡೆ ಕಲ್ಲು ತುರುಕಿದ್ರೆ ಆ ಕಡೆ ಹೊಳೀತಾ ಬರುತ್ತಂತೆ. ಯಜಮಾನ ಅದರ ಫೋಟೋ ಇಟ್ಕೊಂಡು ಒಂದು ವರ್ಷದಿಂದ ಕಾಯ್ತಿದಾನೆ. ನಿನ್ನ ಮುಖ ನೋಡಿ ತರಿಸಿಲ್ಲ. ನೀನು ಪೆಟ್ಟಿಗೆ ಇಟ್ಟು ಈಚೆ ಬರೋದೇ ತಡ, ಅದು ಆಚೆಯಿಂದ ಒಳಗೆ ಬರುತ್ತೆ. ಆಮೇಲೆ ಬೇಕು ಅಂದ್ರೂ ಯಾರಿಗೂ ಅಂಚಿಲ್ಲ.

ಯಾರಿಗೂ ಅಂದ್ರೆ… ನಿನಗೆ ಅಂತ. ಇನ್ಯಾರಿಗೆ?

ಮಾತಾಡು ಮಾರಾಯ. ಆಡಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನೀನು ಇಷ್ಟು ವರ್ಷದಲ್ಲಿ ಒಂದು ಒಡವೆ ಅಂಗಡಿ ಇಡಬಹುದಿತ್ತು. ನೀನು ಸುಮ್ನಿದ್ರೆ ನಾನೂ ಕೈ ಕಟ್ಕೊಂಡು ಕೂರಲ್ಲ, ಇದೊಂದು ಅಂಚು ಅರ್ಧಕ್ಕೆ ನಿಂತಿದೆ. ನೋಡ್ತಾ ಇರು. ತಪ್ಪಿದ್ರೆ ಹೇಳು. ಹೇಳಲ್ಲ ಅಂತ ಗೊತ್ತು, ಆದ್ರೂ ಹೇಳು.

ಮೊದಲು ಈ ಚೂಪು. ಗರಗಸದಿಂದ ಈಗಷ್ಟೇ ಬಂದ ಕಲ್ಲು, ಮುಟ್ಟಿದ್ರೆ ಬೆರಳು ಹೋಗುತ್ತೆ, ತಾಗಿಸಿದ್ರೆ ಅದರದ್ದೇ ಮೂಲೆ ಹೋಗುತ್ತೆ. ಅದಕ್ಕೇ ಎಲ್ಲಕ್ಕಿಂತ ಮೊದಲು ಚೂಪು ಮುರೀಬೇಕು. ಒರಟು ಉಜ್ಜುಗಲ್ಲನ್ನ ವಾರೆಯಾಗಿ ಹಿಡಿದು, ಮುಖದಿಂದ ಬೆನ್ನಿನ ಕಡೆಗೆ, ಮುಖದಿಂದ ಬೆನ್ನಿನ ಕಡೆಗೆ. ಹಿಂದುಮುಂದು ಎಳೆದ್ರೋ, ಮೇಲಿನ ಹೊಳಪು ಚಕ್ಕೆ ಎದ್ದು ಬರುತ್ತೆ. ಆಮೇಲೆ ಅತ್ರೂ ಅಷ್ಟೇ, ಕರೆದ್ರೂ ಅಷ್ಟೇ.

ಮತ್ಯಾಕೆ ನಗ್ತೀಯ? ಟೇಪಾ? ಹೌದಪ್ಪ, ಕಲ್ಲಿನ ಮುಖಕ್ಕೆ ಟೇಪ್ ಅಂಟಿಸಿದೀನಿ. ಕೈ ಜಾರಿ ಉಜ್ಜುಗಲ್ಲು ಮೇಲಕ್ಕೆ ಹತ್ತಿದ್ರೆ ಗೀರು ಬೀಳದೆ ಇರ್ಲಿ ಅಂತ. ಅಪ್ಪ ಅಂಟಿಸ್ತಿರಲಿಲ್ಲ, ನೀನೂ ಅಂಟಿಸಲ್ಲ, ಗೊತ್ತು. ನೀವು ದೊಡ್ಡವರು. ನಾನು ಫೋನ್ ನೋಡಿ ಕಲಿತವಳು. ಅದರಲ್ಲೊಬ್ಬ ಬರ್ತಾನೆ, ಮನೇಲೇ ಕಲ್ಲಿನ ಟೈಲ್ಸಿಗೆ ಅಂಚು ಮಾಡ್ಕೊಳ್ಳಿ ಅಂತ ಹೇಳ್ಕೊಡೋಕೆ. ಗುಂಡಗಿದಾನೆ, ಬಿಳೀ ಶರ್ಟು, ಶರ್ಟಿನ ಮೇಲೆ ಒಂದು ಹನಿ ಕೆಸರಿಲ್ಲ. ಕಲ್ಲಿನ ಕೆಲಸ ಮಾಡ್ತಾನೋ, ಕಲ್ಲಿಗೆ ಹೆಣ್ಣು ನೋಡೋಕೆ ಬಂದಿದಾನೋ ಗೊತ್ತಾಗಲ್ಲ. ಒರಟು ಉಜ್ಜುಕಾಗದ ಎರಡು ಸಲ ಆಡಿಸಿ, ನೇರ ನಯದ್ದಕ್ಕೆ ಹಾರಿ, ಕೊನೆಗೆ ವಾರ್ನಿಶ್ ಬಳಿದು, ನೋಡಿ ಕನ್ನಡಿ ಅಂತಾನೆ. ಕನ್ನಡಿಯಂತೆ. ನೀರು ಬಿದ್ದ ನಾಲ್ಕನೇ ದಿನಕ್ಕೆ ಸಿಪ್ಪೆ ಏಳುತ್ತೆ, ಆಗ ಅವನ ಮುಖ ಅದರಲ್ಲಿ ನೋಡ್ಕೋಬೇಕು. ಟೇಪೊಂದು ಮಾತ್ರ ಒಳ್ಳೇದು ಹೇಳ್ದ, ಅದೊಂದನ್ನ ತಗೊಂಡೆ.

ಮಿಕ್ಕಿದ್ದೆಲ್ಲ ನಮ್ಮನೇದೇ. ಒರಟಿಂದ ನಯಕ್ಕೆ, ಒಂದೊಂದೇ ಮೆಟ್ಟಿಲು. ಕಾಗದದ ನಂಬರ್ ಅರವತ್ತು, ನೂರಿಪ್ಪತ್ತು, ಇನ್ನೂರಿಪ್ಪತ್ತು, ನಾನೂರು, ಎಂಟುನೂರು. ಒಂದು ಬಿಟ್ಟು ಹಾರಿದ್ರೆ, ಒದ್ದೆ ಇದ್ದಾಗ ಚಂದ ಕಾಣುತ್ತೆ, ಒಣಗಿದ ಮೇಲೆ ಹಳೇ ಗೀರೆಲ್ಲ ಹಲ್ಲು ಕಿರಿಯುತ್ತೆ. ಅದಕ್ಕೇ ಪ್ರತಿ ಸಲ ತೊಳಿ, ಒರೆಸು, ಅಂಚಿನುದ್ದಕ್ಕೂ ಪೆನ್ಸಿಲ್ಲಿಂದ ಒಂದು ಗೆರೆ ಎಳಿ. ಗೆರೆ ಪೂರ್ತಿ ಅಳಿಸೋವರೆಗೂ ಆ ಕಾಗದ ಬಿಡಬೇಡ. ಕೇಳಿದ ಹಾಗಿದೆಯಾ ಈ ಮಾತು? ಅಪ್ಪ ನಿನಗೆ ಹೇಳ್ಕೊಡ್ತಿದ್ರು, ನಾನು ಪಕ್ಕದಲ್ಲಿ ಚೊಂಬು ಹಿಡ್ಕೊಂಡು ನೀರು ಹುಯ್ತಿದ್ದೆ. ಏಳನೇ ವಯಸ್ಸಿಂದ ಮದುವೆವರೆಗೂ ಅದೇ ತಾನೇ ನನ್ನ ಕೆಲಸ. ಕಡಿಮೆ ಹುಯ್ದ್ರೆ ಧೂಳೆದ್ದು ಅಪ್ಪನಿಗೆ ಕೆಮ್ಮು, ಜಾಸ್ತಿ ಹುಯ್ದ್ರೆ ನನಗೆ ಬೈಗುಳ. ಕಲ್ಲು ನೋಡಬೇಕಾಗೇ ಇರ್ಲಿಲ್ಲ ನನಗೆ. ಸದ್ದಲ್ಲೇ ಗೊತ್ತಾಗೋದು, ಕಾಗದ ಕಚ್ತಾ ಇದೆಯಾ, ಸುಮ್ನೆ ಜಾರ್ತಾ ಇದೆಯಾ ಅಂತ. ನಿನ್ನದು ಜಾರ್ತಿದೆ ಅಂತ ಎಷ್ಟು ಸಲ ಹೇಳ್ಬೇಕು ಅನ್ಸಿತ್ತೋ. ನೀರಿನವಳು ಬಾಯಿ ಬಿಡೋ ಹಾಗಿರ್ಲಿಲ್ವಲ್ಲ.

ಇಲ್ಲಿ ನೋಡು, ಮೂಲೆ ಹತ್ರ ಬಂದಾಗ ಕೈ ಹಗುರ ಮಾಡಬೇಕು. ಇಲ್ದಿದ್ರೆ ಮೂಲೆ ದುಂಡಗಾಗಿಬಿಡುತ್ತೆ, ಸವೆದುಳಿದ ಸೋಪಿನ ಹಾಗೆ. ಕಲ್ಲಿನ ಮೂಲೆಗೆ ಬರೀ ತಿಳಿಹೇಳ್ಬೇಕು ಅಷ್ಟೇ, ಬೈಬಾರದು.

ಯಾಕೆ ಎದ್ದೆ? ಏನು ಎಣಿಸ್ತಾ ಇದೀಯ ಅಲ್ಲಿ?

ಮೂವತ್ತಾರಿದೆ, ಎಣಿಸಬೇಡ. ಕಿಟಕಿ ಕಟ್ಟೆಗೆ ಮೂರು ಸಾಕು ಅಂತ ನನಗೂ ಗೊತ್ತು. ಮಿಕ್ಕಿದ್ದು ಮೇಜಿಗೆ. ಹೂಂ, ಮೇಜೂ ಮಾಡ್ತಿದೀನಿ. ಬೇಕಾದ್ರೆ ನಿಮ್ಮ ಭಾವನ್ನ ಕೇಳು, ಆರು ತಿಂಗಳಿಂದ ನನ್ನ ಹೆಂಡ್ತಿ ಮೇಜು ಮಾಡ್ತಿದಾಳೆ ಅಂತ ಬೀದಿಗೆಲ್ಲ ಡಂಗುರ ಹೊಡೆದಿದಾರೆ. ಪಕ್ಕದ ಮನೆ ಟೈಲರ್ ಬೇಲಿ ಮೇಲಿಂದ ಇಣುಕಿ, ಅಕ್ಕಾ ಅದು ಊಟದ ಮೇಜಾ, ಬಸ್ ಸ್ಟ್ಯಾಂಡಾ ಅಂತ ಕೇಳ್ದ. ಅವನು ಬ್ಲೌಸ್ ಹೊಲಿದುಕೊಡೋಕೆ ತಗೊಂಡಷ್ಟು ದಿನ ನಾನು ಮೇಜಿಗೆ ತಗೋಬಾರದಾ ಅಂದೆ. ತಲೆ ಒಳಗೆ ಹೋಯ್ತು.

ಏನು ಹುಡುಕ್ತೀಯ? ಮೇಜಿನ ಕಾಲಾ? … ಕಾಲು ಆಮೇಲೆ. ಮೊದಲು ಮೇಲ್ಮೈ, ಆಮೇಲೆ ಕಾಲು. ನನ್ನ ಮೇಜು, ನನ್ನಿಷ್ಟ.

ಅದನ್ನ ಕೆಳಗಿಡು. ಇಡು ಅಂದೆ. ನಿನ್ನ ಕೈ… ಬೀಳಿಸ್ಬಿಟ್ಟೀಯ.

ಅಯ್ಯೋ. ಹಾಗಲ್ಲ ಕಣೋ ನಾನಂದಿದ್ದು. ಕಲ್ಲು ಒದ್ದೆ ಇದೆ, ಯಾರ ಕೈಯಿಂದಾದ್ರೂ ಜಾರುತ್ತೆ ಅಂತ. ಹಾಳಾದ ಬಾಯಿ ನಂದು. ಸರಿ, ಹಿಡ್ಕೋ. ಎದೆಗೆ ಆನಿಸ್ಕೊಂಡು ಹಿಡ್ಕೋ. ಹಾಗೆ.

ಕಣ್ಮುಚ್ಕೊಂಡು ಹೆಬ್ಬೆರಳು ಎಳೀತಿದೀಯಾ? ಎಳಿ, ಎಳಿ. ಅಪ್ಪನೂ ಕಣ್ಮುಚ್ಕೊಂಡೇ ನೋಡ್ತಿದ್ದಿದ್ದು. ಸಿಕ್ತಾ ಏನಾದ್ರೂ? ಎಲ್ಲಾದ್ರೂ ಅಲೆ ಇದೆಯಾ? ಇಲ್ಲ, ಸಿಗಲ್ಲ. ಆ ಕಡೆಯಿಂದ ಈ ಕಡೆವರೆಗೂ ಬೆರಳು ಎಲ್ಲೂ ನಿಲ್ಲಲ್ಲ. ಬೇರೆ ಕಡೇನೂ ನೋಡು. ತಿರುಗಿಸು. ಎಲ್ಲಾ ಒಂದೇ. ನಾಲ್ಕೂ ಅಂಚು ಮಾಡಿದೀನಿ, ಒಂದನ್ನೂ ಬಿಟ್ಟಿಲ್ಲ. ನಾನು ಅರ್ಧ ಕೆಲಸದವಳಲ್ಲ.

ಯಾಕೆ ಆ ಅಂಚಲ್ಲೇ ನಿಂತ್ಬಿಟ್ಟೆ? ಅದೂ ನಯವಾಗೇ ಇದೆಯಲ್ಲ. ಯಾಕೆ ಹಾಗೆ ನೋಡ್ತೀಯ ನನ್ನ? ತಪ್ಪಿದೆಯಾ ಏನಾದ್ರೂ? ಹೇಳಬಾರದಾ ಬಾಯ್ಬಿಟ್ಟು?

ಎಲ್ಲಿಗೆ ತಗೊಂಡು ಹೋಗ್ತಿದೀಯ? ಗೋಡೆ ಹತ್ರ ಏನು ಕೆಲಸ? … ಗೋಡೆಗೆ ಒತ್ತಿ ಹಿಡಿದೆ. ಸರಿ. ಹಿಡಿದ್ರೆ ಏನಾಯ್ತು? ಆ ಅಂಚು ಗೋಡೆ ಕಡೆ ಬಂತು. ಅದರ ಮೇಲೆ ಗಾರೆ ಬರುತ್ತೆ. ಬಂದ್ರೆ…

ಓ.

ಅದು ಒಳಗೆ ಹೋಗುತ್ತಾ? ಯಾರಿಗೂ ಕಾಣಲ್ವಾ? ಪಕ್ಕದ್ದು? ಅದು ಇನ್ನೊಂದು ಕಲ್ಲಿನ ಪಕ್ಕ ಕೂತ್ಕೊಳ್ಳುತ್ತೆ, ಅದೂ ಕಾಣಲ್ಲ. ಹಾಗಾದ್ರೆ ಕಾಣೋದು ಒಂದೇ. ಒಂದೇ ಅಂಚು. ಮಿಕ್ಕಿದ್ದು ಗರಗಸದಿಂದ ಬಂದ ಹಾಗೇ ಒರಟಾಗಿದ್ರೇನೇ ಗಾರೆ ಕಚ್ಚೋದು… ಹಾಗಾದ್ರೆ ನೀನು ಆ ಮೂರೂ ಅಂಚು ಬೇಕು ಅಂತಲೇ ಒರಟು ಬಿಟ್ಟಿದ್ದಾ? ನಾನು, ಪಾಪ, ಒಂದು ಅಂಚು ಮಾಡೋಷ್ಟರಲ್ಲಿ ಕೈ ಸೋತು ಮಿಕ್ಕಿದ್ದು ಬಿಟ್ಟುಬಿಟ್ಟಿದಾನೆ ಅಂದ್ಕೊಂಡು…

…

ನಗಬೇಕಾದ್ರೆ ನಗು. ಹಾಗೆ ಮಾತ್ರ ನೋಡಬೇಡ.

ಹೂಂ. ನಿನ್ನವೇ. ಕಿಟಕಿ ಕಟ್ಟೆ ಇಲ್ಲ, ಮೇಜೂ ಇಲ್ಲ. ನಿನಗೆ ಮುಂಚೇನೇ ಅನುಮಾನ ಇತ್ತು, ಅಲ್ವಾ? ಅದಕ್ಕೇ ಮುಂಬಾಗಿಲು ಬಿಟ್ಟು ಹಿತ್ತಲಿಂದ ಬಂದೆ. ಯಜಮಾನ ಹೊಗಳಿದ ಅಂಚು ನಿನ್ನದಲ್ಲ ಅಂತ ನಿನ್ನ ಬೆರಳಿಗೆ ಗೊತ್ತಾಗದೆ ಇರುತ್ತಾ. ಗೋಡೆಗೆ ಹೋಗೋ ಅಂಚನ್ನ ಉಜ್ಜೋ ದಡ್ಡರು ಈ ಲೋಕದಲ್ಲಿ ಯಾರಿದಾರೆ ಅಂತ ಯೋಚನೆ ಮಾಡಿರ್ತೀಯ. ಕಲ್ಲು ಕೂರಿಸೋ ಮೇಸ್ತ್ರಿ ಗೊಣಗ್ತಿದ್ನಂತೆ, ಇದ್ಯಾವ ಪುಣ್ಯಾತ್ಮ ಒಳಗಡೆ ಅಂಚನ್ನೂ ಕನ್ನಡಿ ಮಾಡಿ ಕಳಿಸ್ತಾನೆ, ಗಾರೆ ಹಿಡೀತಿಲ್ಲ, ಮತ್ತೆ ಉಳಿ ತಗೊಂಡು ಕೆತ್ಕೊಂಡು ಕೂರಬೇಕು ಅಂತ. ಗಡಿಬಿಡಿ ಬಂದು ಹೇಳ್ದಾಗ ನಾನು ಅರ್ಥವಾಗದೇನೇ ನಕ್ಕೆ. ಗೊಣಗದ ಮೇಸ್ತ್ರಿ ಎಲ್ಲಾದ್ರೂ ಇದಾನಾ ಅಂದೆ. ಅವನು ಉಳಿ ಹಿಡಿದು ಕೆತ್ತಿದ್ದು ನನ್ನ ಎಂಟುನೂರರ ಅಂಚನ್ನ. ಆರು ತಿಂಗಳು ಕಣೋ. ಒಂದೊಂದು ಕಲ್ಲಿಗೂ ಮೂರು ಅಂಚು ಸುಮ್ನೆ. ಗೋಡೆಗಳಿಗೆಲ್ಲ ಒಳಗಿಂದ ಹೊಳಪು ಕೊಟ್ಟವಳು ನಾನೊಬ್ಬಳೇ ಇರಬೇಕು.

ನಾನೇನು ಮಾಡ್ಲಿ? ಯಾವ ಅಂಚು ಗೋಡೆಗೆ ಹೋಗುತ್ತೆ ಅಂತ ನನಗ್ಯಾರು ಹೇಳಿದ್ರು? ಅಪ್ಪನ ಅಂಗಳದಿಂದ ಕಲ್ಲು ಗಾಡಿ ಹತ್ತೋದು ನೋಡಿದೀನಿ. ಹೋಗಿ ಯಾರ ಮನೇಲಿ, ಯಾವ ಗೋಡೆಗೆ, ಹೇಗೆ ಕೂತ್ಕೊಳ್ಳುತ್ತೆ ಅಂತ ಒಂದು ದಿನ ನೋಡಿದೀನಾ? ನೀನು ಅಪ್ಪನ ಜೊತೆ ಗಾಡಿ ಹತ್ತಿ ಹೋಗ್ತಿದ್ದೆ. ನಾನು ಕೆಸರು ತೊಳ್ಕೊಂಡು ಅಂಗಳದಲ್ಲಿರ್ತಿದ್ದೆ.

ಹೇಗೆ ಶುರುವಾಯ್ತು ಅಂತಾನಾ? ಗಡಿಬಿಡೀನ ಬೈಬೇಡ. ಒಂದು ಸಂಜೆ ವ್ಯಾನ್ ತಂದು ಇಲ್ಲಿ ಬಾಗಿಲಿಗೆ ನಿಲ್ಲಿಸ್ದ. ಅಕ್ಕಾ, ನಿಮ್ಮ ತಮ್ಮನ ಅಂಚು ಅಲೆ ಅಲೆಯಾಗಿದೆ, ನಾಳೆ ಇದನ್ನ ಸೈಟಲ್ಲಿ ಇಳಿಸಿದ್ರೆ ವಾಪಸ್ ಬರುತ್ತೆ, ಯಜಮಾನ ನೋಡಿದ್ರೆ ಅವನ ಕಥೆ ಮುಗೀತು, ಏನು ಮಾಡ್ಲಿ ಅಂತ ಅಳೋ ಹಾಗಿದ್ದ. ಇಳಿಸು ಇಲ್ಲಿ ಅಂದೆ. ಬೆಳಗ್ಗೆ ಆರಕ್ಕೆ ಬಾ ಅಂದೆ. ಅಷ್ಟೇ. ಅವತ್ತಿಂದ ಸಂಜೆ ಇಳಿಸ್ತಾನೆ, ಬೆಳಗ್ಗೆ ತುಂಬ್ಕೊಂಡು ಹೋಗ್ತಾನೆ. ಮೊದಲನೇ ದಿನ ನಿನ್ನ ಅಂಚಿನ ಮೇಲೆ ಬೆರಳಿಟ್ಟಾಗ ನನಗೆ ಹೊಟ್ಟೆ ಚುರುಕ್ ಅಂತು, ನಿಜ ಹೇಳ್ತೀನಿ. ನಿನ್ನ ಕೈ ಎಲ್ಲೆಲ್ಲಿ ನಡುಗಿದೆ ಅಂತ ಒಂದೊಂದೂ ಗೊತ್ತಾಗ್ತಿತ್ತು. ಅದನ್ನೆಲ್ಲ ಸಮ ಮಾಡ್ದೆ. ತಮ್ಮನಿಗೆ ಅಕ್ಕ ಇಷ್ಟೂ ಮಾಡದೆ ಇದ್ರೆ ಹೇಗೆ? ನಿನ್ನ ಮರ್ಯಾದೆ ಉಳೀಲಿ ಅಂತ, ನಿನ್ನ ಮನೆ ನಡೀಲಿ ಅಂತ. ನಿನಗೋಸ್ಕರ ಕಣೋ ಎಲ್ಲಾ.

ಏನು?

ನಿನಗೋಸ್ಕರಾನೇ ಅಂದೆನಲ್ಲ. ನಂಬಿಕೆ ಇಲ್ವಾ? ಒಂದು ಥ್ಯಾಂಕ್ಸ್ ಅನ್ನು, ಇಲ್ಲಾ ಎರಡು ಬೈದುಬಿಡು. ಈ ಕಲ್ಲಿನ ಎದುರು ಕೂತ್ರೆ ಅದಾದ್ರೂ ನೀರು ಹುಯ್ದ್ರೆ ಸದ್ದು ಮಾಡುತ್ತೆ.

ಸರಿ. ನಾನು ಮಿಕ್ಕಿದ್ದನ್ನೂ ಹೇಳ್ತೀನಿ, ಆಮೇಲೆ ನೀನು ಹೀಗೇ ಕೂತ್ಕೋ. ನಿನಗೆ ಹನ್ನೊಂದು, ನನಗೆ ಹದಿನಾಲ್ಕು. ಮಧ್ಯಾಹ್ನ ಅಪ್ಪ ಉಂಡು ಮಲಗಿದ್ರು. ನೀನು ಅರ್ಧ ಉಜ್ಜಿ ಬಿಟ್ಟು ಗೋಲಿ ಆಡೋಕೆ ಹೋಗಿದ್ದೆ. ನಾನು ಕೂತು ಆ ಅಂಚನ್ನ ಮುಗಿಸ್ದೆ. ಮೊಟ್ಟಮೊದಲ ಸಲ ಚೊಂಬು ಕೆಳಗಿಟ್ಟು ಉಜ್ಜುಗಲ್ಲು ಹಿಡಿದಿದ್ದು. ಅಪ್ಪ ಎದ್ದು ಬಂದು ಕಣ್ಮುಚ್ಕೊಂಡು ಹೆಬ್ಬೆರಳು ಎಳೆದ್ರು. ಇನ್ನೊಂದು ಸಲ ಎಳೆದ್ರು. ಆಮೇಲೆ ನಿನ್ನನ್ನ ಕರೆದು, ಬಾಚಿ ಎತ್ಕೊಂಡು, ಕಲ್ತುಬಿಟ್ಟ ನನ್ನ ಮಗ, ಇನ್ನು ನಾನು ಸತ್ರೂ ಚಿಂತೆಯಿಲ್ಲ ಅಂದ್ರು. ನಾನು ಅಲ್ಲೇ ನಿಂತಿದ್ದೆ, ಕೈಯೆಲ್ಲ ಬಿಳೀ ಕೆಸರು. ನೀನು ನನ್ನ ಕೈ ನೋಡ್ದೆ. ಅಪ್ಪನ ಹೆಗಲ ಮೇಲಿಂದ ನೋಡ್ದೆ. ಇದು ಅಕ್ಕ ಮಾಡಿದ್ದು ಅನ್ನೋ ಮೂರು ಮಾತು ನಿನ್ನ ಬಾಯಿಂದ ಬರ್ಲಿಲ್ಲ. ಅವತ್ತೂ ನೀನು ಹೀಗೇ ಸುಮ್ನೆ ಇದ್ದೆ.

ತಲೆ ಯಾಕೆ ಬಗ್ಗಿಸ್ತೀಯ? ಎತ್ತು. ಹನ್ನೊಂದು ವರ್ಷದ ಹುಡುಗನ ಮೇಲೆ ಈಗ ಕೋಪ ಮಾಡ್ಕೊಂಡು ಏನು ಮಾಡ್ಲಿ ನಾನು? ನಾನೂ ಹೇಳಬಹುದಿತ್ತಲ್ಲ, ಹೇಳ್ಲಿಲ್ಲ. ನಗಾಡ್ಕೊಂಡೇ ಇದ್ದೆ. ನೀನು ದೊಡ್ಡ ಕೆಲಸಗಾರ ಆದೆ, ಎಲ್ಲರ ಮುಂದೆ ನಮ್ಮ ತಮ್ಮ ಅಂತ ಹೇಳ್ಕೊಂಡೆ, ಸುಳ್ಳಲ್ಲ ಅದು. ಬಾಯಲ್ಲಿ ಹೇಳ್ತಿದ್ದೆ. ರಾತ್ರಿಯೆಲ್ಲ ಬೆರಳು ಅಂಚು ಹುಡುಕೋದು. ಯಾರ ಮನೆಗೆ ಹೋದ್ರೂ ಅವರ ಕಟ್ಟೆ ಅಂಚು ಸವರಿ ನೋಡೋದು. ಕಾಫಿ ತರ್ತೀನಿ ಅಂತ ಅವರು ಒಳಗೆ ಹೋದಾಗ, ಕಳ್ಳಿ ಹಾಗೆ. ನಿನ್ನ ಹೆಂಡ್ತಿ ಕೂಡ ಒಂದು ಸಲ ನೋಡಿ, ಅತ್ತಿಗೆ ಧೂಳಿದೆಯಾ ಅಂತ ಬಟ್ಟೆ ತಂದ್ಲು. ಹೂಂ, ಸ್ವಲ್ಪ ಇದೆ ಅಂದೆ.

ಈಗ ಈ ಐವತ್ತೆಂಟರಲ್ಲಿ ನನಗೊಂದು ಕೆಲಸ ಸಿಕ್ಕಿದೆ. ಬೆಳಗ್ಗೆ ಕಣ್ಬಿಟ್ರೆ ಯಾವ ಕಲ್ಲು, ಎಷ್ಟಾಗಿದೆ, ಎಷ್ಟು ಉಳಿದಿದೆ ಅಂತ ಯೋಚನೆ. ಉಗುರಲ್ಲೆಲ್ಲ ಕೆಸರು, ಸೊಂಟ ಬಿದ್ದುಹೋಗಿದೆ, ನನಗೆ ಇಷ್ಟು ಚೆನ್ನಾಗಿ ನಿದ್ದೆ ಯಾವತ್ತೂ ಬಂದಿರ್ಲಿಲ್ಲ. ಯಜಮಾನ ಇಪ್ಪತ್ತು ವರ್ಷದಲ್ಲಿ ಇಂಥ ಅಂಚು ಕಂಡಿಲ್ಲ ಅಂದ್ನಂತೆ ಅಂತ ಗಡಿಬಿಡಿ ಹೇಳ್ದಾಗ, ಅವನನ್ನ ನಿಲ್ಲಿಸ್ಕೊಂಡು ಮೂರು ಸಲ ಹೇಳಿಸ್ದೆ. ಹೆಸರು ನಿನ್ನದೇ ಇರ್ಲಿ. ನನಗೆ ಹೆಸರು ಬೇಡ. ಆಸ್ಪತ್ರೆ ಮೆಟ್ಟಿಲು ಬೇಕು. ಮೂರು ಮಹಡಿ. ಯಾವ ಅಂಚು ಕಾಣುತ್ತೆ, ಯಾವುದು ಕಾಣಲ್ಲ ಅಂತ ನೀನು ಬಂದು ಗುರುತು ಹಾಕ್ಕೊಡು, ಅಷ್ಟು ಸಾಕು. ನಾಳೆ ನೀನು ಹೋಗಿ ಆ ಪೆಟ್ಟಿಗೆ ಇಟ್ಬಿಟ್ರೆ, ಹೋಗೋದು ನಿನ್ನ ಕೆಲಸ ಅಲ್ಲ ಕಣೋ. ನಂದು. ನಿನ್ನ ಕೆಲಸ ಹೋಗಿ ಆರು ತಿಂಗಳಾಯ್ತು.

…

ಈ ಮಾತು ಆಡಬಾರದಿತ್ತು. ಆಡಿದೀನಿ.

ಇನ್ನೂ ನೋಡ್ತಿದೀಯ. ಎಲ್ಲಾ ಹೇಳಿಯಾಯ್ತಲ್ಲ. ಇನ್ನೇನೂ ಇಲ್ಲ ನನ್ನ ಹತ್ರ. ಹಾಗೆ ನೋಡಬೇಡ ಅಂತ ಎಷ್ಟು ಸಲ ಹೇಳ್ಲಿ. ಅಪ್ಪ ಅಂಚು ನೋಡ್ದ ಹಾಗೆ ನೋಡ್ತಿದೀಯ. ಎಲ್ಲಿ ಬೆರಳು ನಿಲ್ಲುತ್ತೆ ಅಂತ ಹುಡುಕ್ತಿದೀಯಾ? ಹೊಟ್ಟೆ ಚುರುಕ್ ಅಂತು ಅಂದೆನಲ್ಲ, ಅಲ್ಲೇ ನಿಂತಿದೀಯ ನೀನು.

ಅಂತು. ಕಲ್ಲು ಮುಟ್ಟಿದ ಮೇಲೆ ಅಂತು. ಅದಕ್ಕೆ ಮುಂಚೆ…

ಅದಕ್ಕೂ ನಾಲ್ಕು ದಿನ ಮುಂಚೆ ಗಡಿಬಿಡಿ ಬಂದಿದ್ದ. ಬಾಗಿಲಲ್ಲೇ ನಿಂತು, ಅಕ್ಕಾ, ನಿಮ್ಮ ತಮ್ಮನ ಕೈ ನಡುಗೋಕೆ ಶುರುವಾಗಿದೆ, ನಾನೇ ಕಣ್ಣಾರೆ ನೋಡ್ದೆ ಅಂದ. ಅಯ್ಯೋ ಪಾಪ ಅಂದೆ. ಅವನು ಹೋದ. ಬಾಗಿಲು ಹಾಕ್ಕೊಂಡೆ. ಹಿತ್ತಲಿಗೆ ಹೋಗಿ ಬಟ್ಟೆ ಒಣಗಿಸ್ತಾ ನಿಂತೆ, ಹಾಡು ಹೇಳ್ತಿದ್ದೀನಿ ಅಂತ ನನಗೇ ಗೊತ್ತಾಗ್ಲಿಲ್ಲ ಕಣೋ. ನಿಮ್ಮ ಭಾವ ಕಿಟಕಿಯಿಂದ, ಏನು ಇವತ್ತು ಇಷ್ಟೊಂದು ಖುಷಿ ಅಂತ ಕೇಳಿದ್ರು. ಏನಿಲ್ಲ ಅಂದೆ.